ಹದಿನಾಲ್ಕು ಎಸಳಿನ ಸೇವಂತಿಗೆ

ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ನನ್ನ ಹೆಸರಲ್ಲ, ನನ್ನ ಅಜ್ಜನ ಹೆಸರು. 2008ರ ಯುಗಾದಿ. ಮಿಸಿಸಾಗದ ಒಂದು ಶಾಲೆಯ ಜಿಮ್ಮಿನಲ್ಲಿ ಕನ್ನಡದವರ ಊಟ. ಕೆನಡಾದ ಮೊದಲ ಚಳಿಗಾಲವನ್ನು ಹೇಗೋ ಮುಗಿಸಿದ್ದ ನಾನು, ಯಾರ ಪರಿಚಯವೂ ಇಲ್ಲದೆ ಪೇಪರ್ ಪ್ಲೇಟು ಹಿಡಿದು ಕ್ಯೂನಲ್ಲಿ ನಿಂತಿದ್ದೆ. ಮುಂದೆ ನಿಂತಿದ್ದ ಎತ್ತರದ ಮುದುಕರು ತಿರುಗಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಜಿಮ್ಮಿನೊಳಗೂ ಮಂಕಿ ಕ್ಯಾಪು ತೆಗೆದಿರಲಿಲ್ಲ.

"ನಿಮ್ಮ ಅಜ್ಜಾರ ಹೆಸರೇನವಾ?" ಎಂದರು.

ನಾನು ತುಮಕೂರಿನ ಕಡೆಯವಳು. ನಮ್ಮಲ್ಲಿ ಹೀಗೆ ಕೇಳಿದರೆ ಜಗಳಕ್ಕೆ ಬಂದಿದ್ದಾರೆ ಎಂದೇ ಅರ್ಥ. ಆದರೂ ಹೇಳಿದೆ. ಪುಳಿಯೋಗರೆಯ ಪಾತ್ರೆ ತಲುಪುವುದರೊಳಗೆ ಅವರು ಅಜ್ಜನಿಂದ ಅಜ್ಜನ ತಂಗಿಗೆ, ಆಕೆಯನ್ನು ಕೊಟ್ಟ ದಾವಣಗೆರೆಯ ಮನೆಗೆ, ಆ ಮನೆಗೆ ರಾಣೆಬೆನ್ನೂರಿನಿಂದ ಬಂದ ಹಿರಿಯ ಸೊಸೆಗೆ, ಆಕೆಯಿಂದ ತಮ್ಮ ಹೆಂಡತಿಯ ಸೋದರಮಾವನಿಗೆ ಹೋಗಿ ಮುಟ್ಟಿಬಿಟ್ಟಿದ್ದರು. ನನಗೆ ದಾವಣಗೆರೆಯ ಆಚೆ ಏನೂ ಅರ್ಥವಾಗಲಿಲ್ಲ. ಅವರು ಮಾತ್ರ ಊಟದ ಟೇಬಲ್ಲನ್ನು ಬೆರಳ ಗೆಣ್ಣಿನಿಂದ ಎರಡು ಸಲ ಟಕಟಕ ಎಂದು ಬಡಿದು, "ಹಂಗಾರ ನೀ ನಮ್ಮಾಕಿ" ಎಂದು ತೀರ್ಪು ಕೊಟ್ಟರು. ಆರು ತಿಂಗಳಿಂದ ಈ ಊರಿನಲ್ಲಿ ನಾನು ಯಾರವಳೂ ಆಗಿರಲಿಲ್ಲ. ಅಳು ಬಂತು. ಒಗ್ಗರಣೆ ಮೆಣಸಿನಕಾಯಿಯ ನೆಪ ಹೇಳಿ ಕಣ್ಣು ಒರೆಸಿಕೊಂಡೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದಿದವರಲ್ಲಿ ಅರ್ಧ ಜನ ತಾವೂ ಅವರಿಗೆ ಏನಾಗಬೇಕು ಎಂದು ಹೇಳಿಕೊಂಡು ಬರುತ್ತಾರೆ, ಮತ್ತು ಅವರೆಲ್ಲರೂ ನಿಜವನ್ನೇ ಹೇಳುತ್ತಿರುತ್ತಾರೆ. ಆ ದಿನದಿಂದ ಅವರು ನನಗೆ 'ನಮ್ಮವರು', ಇಲ್ಲೂ ಹಾಗೇ ಕರೆಯುತ್ತೇನೆ.

ಅರವತ್ತರ ದಶಕದ ಕೊನೆಯಲ್ಲಿ ಎಂಜಿನಿಯರಾಗಿ ಬಂದವರು. ಉದ್ಯೋಗವೆಲ್ಲ ನೆಲದ ಕೆಳಗೆ. ಊರಿಗೆ ಕುಡಿಯುವ ನೀರು ತರುವ ಕೊಳವೆಗಳನ್ನು ಹಾಕಿಸುವುದು, ಒಡೆದರೆ ಹುಡುಕಿ ಸರಿಪಡಿಸುವುದು. ನಾರ್ತ್ ಯಾರ್ಕಿನ ಅವರ ಮನೆಗೂ ನಮ್ಮ ಅಪಾರ್ಟ್‌ಮೆಂಟಿಗೂ ಎರಡೇ ಬೀದಿ. ಕಣ್ಣಿನ ತೊಂದರೆಯಿಂದ ಅವರು ಕಾರು ಬಿಟ್ಟಮೇಲೆ, ದಾವಣಗೆರೆಯ ಸಂಬಂಧದ ಬಲದಿಂದ ನಾನೇ ಅವರ ಡ್ರೈವರಾದೆ. ಪಕ್ಕದಲ್ಲಿ ಕೂತು, ಯಂಗ್ ಸ್ಟ್ರೀಟಿನ ಯಾವ ಮೂಲೆಯಲ್ಲಿ ಯಾವ ಪೈಪು ಎಷ್ಟು ಆಳದಲ್ಲಿದೆ ಎಂದು ಹೇಳುತ್ತ ಬರುತ್ತಿದ್ದರು. ಮೇಲಿನ ಅಂಗಡಿಗಳ ಹೆಸರು ಒಂದೂ ಗೊತ್ತಿರಲಿಲ್ಲ.

ವಂಶಾವಳಿ ಬರೆಯುವುದು ಅವರ ಹುಚ್ಚು. ಟೊರಾಂಟೊ ಸುತ್ತಮುತ್ತಲ ಕನ್ನಡದ ಮನೆಗಳಲ್ಲಿ ಅವರು ಗೆರೆ ಎಳೆಯದ ಮನೆ ಉಳಿದಿರಲಿಲ್ಲ. ಬೇರೆಯವರು ವಂಶವನ್ನು ಮರದಂತೆ ಬರೆದರೆ ಇವರು ನೀರಿನ ನಕ್ಷೆಯಂತೆ ಬರೆಯುತ್ತಿದ್ದರು. ಮೇನ್ ಲೈನು, ಬ್ರಾಂಚ್ ಲೈನು, ಮದುವೆಯಾದಲ್ಲಿ ಜಾಯಿಂಟು, ಮಕ್ಕಳಿಲ್ಲದಲ್ಲಿ ಒಂದು ಮುಚ್ಚಳ. ಯಾರಾದರೂ ತಮ್ಮ ಮನೆತನದ ಬಗ್ಗೆ ಸ್ವಲ್ಪ ಉಪ್ಪುಖಾರ ಹಚ್ಚಿ ಹೇಳಿದರೆ ಕಣ್ಣು ಮುಚ್ಚಿ ಕೇಳಿ, "ಎಲ್ಲೋ ಸೋರತದ" ಎನ್ನುತ್ತಿದ್ದರು. ದೊಡ್ಡ ಡಾಕ್ಟರೊಬ್ಬರು ತಮ್ಮ ಮುತ್ತಾತ ದಿವಾನರಾಗಿದ್ದರು ಎಂದು ಮೂವತ್ತು ವರ್ಷ ಹೇಳಿಕೊಂಡು ಬಂದಿದ್ದರಂತೆ. ಇವರು ಎರಡು ಪ್ರಶ್ನೆ ಕೇಳಿ ದಿವಾನರ ಕಚೇರಿಯ ಗುಮಾಸ್ತರವರೆಗೆ ಇಳಿಸಿದರು. ಆ ಡಾಕ್ಟರು ಆಮೇಲೆ ಎರಡು ದೀಪಾವಳಿಗೆ ಬರಲಿಲ್ಲ.

ಅವರ ಹೆಂಡತಿಯನ್ನು ನಾವೆಲ್ಲ, ಧಾರವಾಡದ ಕಡೆ ಚಿಕ್ಕಮ್ಮನನ್ನು ಕರೆಯುವ ಹಾಗೆ, ಕಾಕು ಎನ್ನುತ್ತೇವೆ. "ಇವರಿಗೆ ಗುಳಿಗಿ ಮರೀತದ, ಗ್ಯಾಸ್ ಆರಿಸೂದು ಮರೀತದ, ಮಂದಿ ಅಜ್ಜಗೋಳು ಮಾತ್ರ ಮರೆಯೂದಿಲ್ಲ" ಎನ್ನುವುದು ಕಾಕುವಿನ ನಿತ್ಯದ ಮಾತು.

ಆದರೆ ಇದರಲ್ಲಿ ಜಂಬ ಇರಲಿಲ್ಲ. ಅದು ನನಗೆ ತಡವಾಗಿ ತಿಳಿಯಿತು. ಕಾಲೇಜಿಗೆ ಬಂದ ಹುಡುಗರು, ರಾತ್ರಿಯೆಲ್ಲ ಕಾಫಿ ಅಂಗಡಿಯ ಶಿಫ್ಟಲ್ಲಿ ನಿಂತು ಹಗಲು ಕ್ಲಾಸಿಗೆ ಹೋಗುವವರು, ಊಟದ ವಾಸನೆಗೆ ನಮ್ಮ ಕಾರ್ಯಕ್ರಮಗಳಿಗೆ ಬರುತ್ತಿದ್ದರು. ಅವರ ಜಾತಿ, ಜಿಲ್ಲೆ ಯಾವುದಾದರೂ ಇರಲಿ, ಇವರು ಒಂದು ಕೊಂಡಿ ಹುಡುಕದೆ ಬಿಡುತ್ತಿರಲಿಲ್ಲ. ರಾಯಚೂರಿನ ಒಬ್ಬ ಹುಡುಗನಿಗೆ ಎಷ್ಟು ಕೆದಕಿದರೂ ನೆಂಟಸ್ತನ ಸಿಗಲಿಲ್ಲ. ಕೊನೆಗೆ ಇಬ್ಬರ ಅಜ್ಜಂದಿರೂ ಒಂದೇ ನದಿಯ ನೀರು ಕುಡಿದವರು ಎಂದು ಸಾಧಿಸಿ, ಟಕಟಕ ಬಡಿದು, ಭಾನುವಾರ ಊಟಕ್ಕೆ ಕರೆದರು. ಯಾರೊಬ್ಬರೂ ಸಂಬಂಧವಿಲ್ಲದೆ ಮನೆಗೆ ಹೋಗುವುದನ್ನು ಅವರಿಗೆ ನೋಡಲಿಕ್ಕಾಗುತ್ತಿರಲಿಲ್ಲ.

ಹೀಗಿರುವಾಗ 2012ರ ಬೇಸಿಗೆಯಲ್ಲಿ ಅವರ ಮೊಮ್ಮಗಳು ಸ್ಮಿತಾ, ಕೆನ್ ಎಂಬ ಹುಡುಗನನ್ನು ಮನೆಗೆ ಕರೆದುಕೊಂಡು ಬಂದಳು. ಸ್ಮಿತಾಳ ಅಪ್ಪ ಅಮ್ಮ ಕ್ಯಾಲ್ಗರಿಯಲ್ಲಿ. ಅವಳು ಓದಲು ಟೊರಾಂಟೊಗೆ ಬಂದವಳು ಅಜ್ಜ ಅಜ್ಜಿಯ ಜೊತೆಗೇ ಉಳಿದುಬಿಟ್ಟಿದ್ದಳು. ಕೆನ್ ಜಪಾನಿ ಮೂಲದವನು. ಟೊರಾಂಟೊ ಪಕ್ಕದ ವಾನ್ ಎಂಬ ಊರಿನಲ್ಲಿ ಅಡುಗೆಮನೆಯ ಕಪಾಟು ಮಾಡುವ ಕಾರ್ಖಾನೆಯೊಂದರಲ್ಲಿ ಡಿಸೈನರು. ನಾಲ್ಕನೆಯ ತಲೆಮಾರಿನ ಕೆನಡಿಯನ್. ಜಪಾನಿ ಭಾಷೆಯಲ್ಲಿ ಅವನಿಗೆ ಬರುತ್ತಿದ್ದದ್ದು ತಿಂಡಿಗಳ ಹೆಸರು, ಮತ್ತೆ ಅಜ್ಜಿಯನ್ನು ಕರೆಯುವ 'ಬಾಚಾನ್' ಎಂಬ ಮಾತು.

ಚಪಾತಿ ತಟ್ಟೆಗೆ ಬೀಳುವ ಮೊದಲೇ ನಮ್ಮವರು ಅಜ್ಜನ ಹೆಸರು ಕೇಳಿದರು. ಕೆನ್ ಜಾರ್ಜ್ ಎಂದ. ಅವರ ಅಪ್ಪ? ಗೊತ್ತಿಲ್ಲ. ಊರು? ಬ್ರಿಟಿಷ್ ಕೊಲಂಬಿಯಾ. ಅದಕ್ಕಿಂತ ಮೊದಲು? ಜಪಾನ್ ಇರಬೇಕು ಎಂದು ಹುಡುಗ ನಾಚಿಕೊಂಡ. ಅಷ್ಟಕ್ಕೇ ನಿಂತುಹೋಯಿತು. ನಮ್ಮವರು ಚಪಾತಿಯನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿದರು. ಹುಡುಗ ಹೋದಮೇಲೆ ಕಾಕು, ಹುಡುಗ ಒಳ್ಳೆಯವನು, ಪಲ್ಯ ಎರಡು ಸಲ ಹಾಕಿಸಿಕೊಂಡ ಎಂದರು. ಇವರು ಒಳ್ಳೆಯವನೇ ಎಂದು ಒಪ್ಪಿ, "ಆದರ ಅಂವಾ ಎಲ್ಲಿಂದ ಬರ್ಲಿಕ್ಹತ್ತಾನ ಅನ್ನೂದ ಕಾಣಸ್ವಲ್ದು" ಎಂದು ನಿಟ್ಟುಸಿರು ಬಿಟ್ಟರು. ಹುಡುಗ ಜಪಾನಿಯೆಂದು ಅವರಿಗೆ ತಕರಾರಿರಲಿಲ್ಲ. ಗೆರೆ ಇಲ್ಲ ಎಂಬುದೇ ಸಂಕಟ.

ಮದುವೆ ಮರುವರ್ಷ ಎಂದಾಯಿತು. ಕನ್ಯಾದಾನದ ಹೊತ್ತಿಗೆ ಪುರೋಹಿತರು ಎರಡೂ ಕಡೆಯ ಗೋತ್ರ ಮತ್ತು ಮೂರು ತಲೆಮಾರಿನ ಹೆಸರು ಹೇಳಬೇಕು. ಇಂಥವರ ಮರಿಮಗ, ಇಂಥವರ ಮೊಮ್ಮಗ, ಇಂಥವರ ಮಗ. ಇಲ್ಲಿನ ಪುರೋಹಿತರು ತರುಣರು, ಈಗಾಗಲೇ ನೂರು ಥರದ ಮದುವೆ ಮಾಡಿಸಿದವರು. ಗೋತ್ರ ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಗೋತ್ರ ಹಚ್ಚುವುದು ವಾಡಿಕೆ, ಚಿಂತೆ ಬೇಡ ಎಂದರು. ನಮ್ಮವರಿಗೆ ಸಿಟ್ಟು ಬಂತು. "ಕಾಶ್ಯಪ ಅಂದ್ರ ಏನು, ಕಂಪ್ಯೂಟರಿನ ಡಿಫಾಲ್ಟ್ ಪಾಸ್‌ವರ್ಡ್ ಏನ್ರಿ? ನಮ್ಮ ಹುಡುಗಿ ಹೋಗೂ ಮನಿಗೆ ಒಂದು ಅಡ್ರೆಸ್ ಬ್ಯಾಡೇನು?" ಎಂದು ಎದ್ದು ಬಂದರು.

ಅಲ್ಲಿಂದ ನೇರ ಲೈಬ್ರರಿಗೆ ಬಿಡು ಎಂದರು. ಜಪಾನಿನ ಮನೆತನಗಳ ಪುಸ್ತಕ ಹುಡುಕಿದರೆ ಇಂಗ್ಲಿಷಿನಲ್ಲಿ ಸಿಕ್ಕಿದ್ದು ಚಕ್ರವರ್ತಿಯ ಮನೆತನದ್ದೊಂದೇ. ಮೀನು ಹಿಡಿಯುವವರ, ಬಡಗಿಗಳ ವಂಶಾವಳಿಯನ್ನು ಯಾರು ಅಚ್ಚು ಹಾಕಿಸುತ್ತಾರೆ? ಸಿಕ್ಕಿದ್ದನ್ನೇ ಓದಲು ಕೂತರು. ಆ ಚಳಿಗಾಲವಿಡೀ 401 ಹೈವೇಯ ಟ್ರಾಫಿಕ್ಕಿನಲ್ಲಿ ನಾನು ಜಪಾನಿನ ರಾಜವಂಶವನ್ನು ಧಾರವಾಡದ ಕನ್ನಡದಲ್ಲಿ ಕೇಳಿದೆ. ಪ್ರಪಂಚದಲ್ಲಿ ಇನ್ನಾರಿಗೂ ಆ ಭಾಗ್ಯ ದೊರೆತಿರಲಿಕ್ಕಿಲ್ಲ.

ಅರಸುಮನೆಯ ಪಕ್ಕದಲ್ಲಿ ನಾಲ್ಕು ಶಾಖೆಯ ಮನೆಗಳಿದ್ದವಂತೆ. ಮುಖ್ಯ ಮನೆಯಲ್ಲಿ ಗಂಡುಮಕ್ಕಳಿಲ್ಲದಾಗ ಈ ಮನೆಗಳಿಂದ ಒಬ್ಬ ಹುಡುಗನನ್ನು ಕರೆದು ಪಟ್ಟಕ್ಕೆ ಕೂರಿಸುತ್ತಿದ್ದರು. ಶಾಖೆಯಲ್ಲೇ ಸಂತಾನ ನಿಂತರೆ ಅರಮನೆಯಿಂದ ಒಬ್ಬ ರಾಜಕುಮಾರನನ್ನು ಅಲ್ಲಿಗೆ ದತ್ತು ಕೊಡುತ್ತಿದ್ದರು. ಅವುಗಳಲ್ಲಿ ಒಂದು ಮನೆಯ ಯಜಮಾನಿಕೆಯನ್ನು ಕೊನೆಯಲ್ಲಿ ಒಬ್ಬ ಹೆಂಗಸೇ ನಡೆಸಿದ್ದಳು ಎಂದು ಹೇಳಿದಾಗ ನಾನು ಸಂತೋಷದಿಂದ ಒಮ್ಮೆ ಹಾರ್ನ್ ಹೊಡೆದೆ. ಇದು ರಾಜಕಾರಣವಲ್ಲ, ಶುದ್ಧ ಎಂಜಿನಿಯರಿಂಗು ಎಂದು ಅವರ ವಾದ. ಒಂದು ಲೈನು ಬಂದ್ ಆದರೆ ಇನ್ನೊಂದರಿಂದ ನೀರು, ವಾಲ್ವು ಎರಡೂ ಕಡೆಗೆ ತೆರೆಯುತ್ತದೆ. ಅಂಥ ವ್ಯವಸ್ಥೆ ಮಾಡಿದ ಪುಣ್ಯಾತ್ಮನನ್ನು ಅವರು ತಮ್ಮ ಹಳೆಯ ಆಫೀಸಿನ ಸಹೋದ್ಯೋಗಿಯಂತೆ ಹೊಗಳುತ್ತಿದ್ದರು.

ನಾಲ್ಕರಲ್ಲಿ ಅವರಿಗೆ ಪ್ರೀತಿಯದು ಅರಿಸುಗಾವಾ ಎಂಬ ಮನೆ. ಅದರ ಎರಡನೆಯ ಯಜಮಾನನೇ ಚಕ್ರವರ್ತಿಯಾಗಿ ಹೋಗಿದ್ದ. ಮುಂದೊಮ್ಮೆ ಮಕ್ಕಳಿಲ್ಲದಾಗ ಅರಮನೆಯ ಹುಡುಗ ಬಂದು ಮನೆ ಉಳಿಸಿದ್ದ. ಅಕ್ಷರ ಬರೆಯುವ ಒಂದು ಶೈಲಿಯೇ ಆ ಮನೆಯದಿತ್ತು, ಚಕ್ರವರ್ತಿಗಳೂ ಅವರಿಂದ ಕೈ ತಿದ್ದಿಸಿಕೊಳ್ಳುತ್ತಿದ್ದರು. ಆಮೇಲೆ ಹೊಸ ಕಾಯಿದೆ ಬಂತು. ರಾಜವಂಶದವರು ದತ್ತು ತೆಗೆದುಕೊಳ್ಳಕೂಡದು. ಆ ಮನೆಯ ಕೊನೆಯ ಯಜಮಾನನ ಒಬ್ಬನೇ ಮಗ ನೌಕಾಪಡೆಗೆ ಓದುತ್ತಿದ್ದವನು ಎಳೆಯ ವಯಸ್ಸಿನಲ್ಲೇ ತೀರಿಕೊಂಡ. ಅಪ್ಪನೂ ಹೋದ. ಮನೆ ಮುಚ್ಚಿತು.

ಇದನ್ನು ಹೇಳಿದ ದಿನ ನಾವು ಹೈವೇಯಲ್ಲಿ ಅಪಘಾತವೊಂದರ ಹಿಂದೆ ನಿಂತಿದ್ದೆವು. ಹಿಮ ಬೀಳುತ್ತಿತ್ತು. ನೂರು ವರ್ಷದ ಹಿಂದೆ ಮುಚ್ಚಿದ ಆ ಮನೆಗಾಗಿ ಅವರು ನಿಜವಾಗಿ ವ್ಯಥೆಪಡುತ್ತಿದ್ದರು. ನಾನು ತಮಾಷೆಗೆ, ಹೋಗಲಿ ಬಿಡಿ, ನಮ್ಮ ನೆಂಟರೇನಲ್ಲವಲ್ಲ ಎಂದೆ. ಅವರು ಕ್ಯಾಪು ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಒಂದು ಕೂಸು ದತ್ತಕ ತಗೊಂಡಿದ್ರ ಮನಿ ಉಳೀತಿತ್ತಲ್ಲ ತಂಗಿ. ನಾ ಉಳಸೇನಲ್ಲ ಒಂದು ಮನಿ. ನಾನೂ ದತ್ತಕ ಹೋದಾಂವ."

ಐದೋ ಆರೋ ವರ್ಷವಿದ್ದಾಗ ಧಾರವಾಡದ ತಮ್ಮ ಮನೆಯಿಂದ ಬಾಗಲಕೋಟೆಯ ಅವ್ವನ ಸೋದರತ್ತೆಯ ಮನೆಗೆ ಅವರನ್ನು ದತ್ತು ಕೊಟ್ಟಿದ್ದರಂತೆ. ಗೋತ್ರ ಬದಲಾಯಿತು. ಅಪ್ಪನ ಹೆಸರು ಬದಲಾಯಿತು. ಹೊಸ ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ತಿರುಗಿ, ಇಂವಾ ನನ್ನ ಮಗ ಎಂದು ಅಂಗಡಿ ಅಂಗಡಿಗೆ ಹೇಳಿದನಂತೆ. ಆದರೂ ಬಂದು ಹೋಗುವವರು ಬಗ್ಗಿ ಗಲ್ಲ ಹಿಡಿದು, ಖರೆ ನೀ ಯಾರ ಮಗನೋ ಎಂದು ಕೇಳುತ್ತಿದ್ದರು. ಕೆನಡಾಕ್ಕೆ ಬಂದಮೇಲೆ ಆ ಪ್ರಶ್ನೆ ತಪ್ಪಿತು. ಇವರೂ ಯಾರಿಗೂ ಹೇಳಲಿಲ್ಲ. ಸ್ಮಿತಾಳಿಗೂ ಗೊತ್ತಿರಲಿಲ್ಲ. ಟೊರಾಂಟೊದ ಅಷ್ಟೂ ಜನರ ಅಜ್ಜಂದಿರನ್ನು ಕೇಳಿದವರನ್ನು ನಾವ್ಯಾರೂ ತಿರುಗಿ ಕೇಳಿರಲೇ ಇಲ್ಲ ಎಂದು ನನಗೆ ಆಗ ಹೊಳೆಯಿತು. ಟ್ರಾಫಿಕ್ಕು ಬಿಟ್ಟಿತು, ಅವರು ಕ್ಯಾಪು ಹಾಕಿಕೊಂಡು ಪೈಪಿನ ಮಾತಿಗೆ ಹೊರಳಿದರು.

ಇಷ್ಟೆಲ್ಲ ತಿಳಿದವರು ಮುಂದೆ ಮಾಡಿದ ಅನಾಹುತವನ್ನು ನೋಡಿ.

ಕೆನ್‌ನ ಅಜ್ಜಿ ಬಾಚಾನ್ ಮಿಸಿಸಾಗದ ಒಂದು ಕಾಂಡೋದಲ್ಲಿ ಒಬ್ಬರೇ ಇದ್ದರು. ಎಂಬತ್ತು ದಾಟಿದವರು. ಗಿಡ್ಡ ಮೈಕಟ್ಟು, ಕೆಂಪು ಸ್ವೆಟರು, ಜೋರು ನಗು. ಬೀಗರನ್ನು ನೋಡಲು ನಾನೇ ನಮ್ಮವರನ್ನು ಕರೆದುಕೊಂಡು ಹೋದೆ. ಕಾಕು ಕೊಟ್ಟ ಕರದಂಟಿನ ಡಬ್ಬಿ ನನ್ನ ಕೈಯಲ್ಲಿ. ಬಾಚಾನ್ ಟೀ ಕೊಟ್ಟರು. ಜೊತೆಗೆ ಬಿಸ್ಕೀಟು, ಮುಂದೆ ಒಂದು ಕಪ್ಪು ಅರಗಿನ ಪೆಟ್ಟಿಗೆ. ಪೆಟ್ಟಿಗೆಯ ಮುಚ್ಚಳದ ಮೇಲೆ ಬಂಗಾರದ ಬಣ್ಣದಲ್ಲಿ ಒಂದು ಸೇವಂತಿಗೆ ಹೂವು.

ನಮ್ಮವರು ಪೆಟ್ಟಿಗೆಯ ಕಡೆ ಬಗ್ಗಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ತುಟಿ ಅಲುಗುತ್ತಿತ್ತು. ಎಸಳು ಎಣಿಸುತ್ತಿದ್ದರು. ಚಕ್ರವರ್ತಿಯ ಲಾಂಛನಕ್ಕೆ ಹದಿನಾರು ಎಸಳು, ರಾಜವಂಶದ ಉಳಿದವರಿಗೆ ಹದಿನಾಲ್ಕು ಎಂದು ಅವರು ಪುಸ್ತಕದಲ್ಲಿ ಓದಿದ್ದರು. ಪೆಟ್ಟಿಗೆಯ ಹೂವಿಗೆ ಹದಿನಾಲ್ಕು. ಅಲ್ಲೇ ಕೇಳಿಬಿಡಬಹುದಿತ್ತು. ಆದರೆ ರಾಜಮನೆಯವರು ಬಾಯಿಬಿಟ್ಟು ಹೇಳಿಕೊಳ್ಳುವುದಿಲ್ಲ, ಕೇಳುವುದು ಅವಮರ್ಯಾದೆ ಎಂದು ಅವರೇ ತೀರ್ಮಾನಿಸಿಕೊಂಡರು. ಜೀವಮಾನದಲ್ಲಿ ಒಂದೇ ಒಂದು ಸಲ ಅಜ್ಜನ ಹೆಸರು ಕೇಳದೆ ಬಂದರು, ಅದೂ ಕೇಳಲೇಬೇಕಾಗಿದ್ದ ಮನೆಯಿಂದ.

ಕಾರಿನಲ್ಲಿ ಅವರನ್ನು ಹಿಡಿಯುವವರೇ ಇಲ್ಲ. ಎರಡನೆಯ ಮಹಾಯುದ್ಧ ಮುಗಿದಮೇಲೆ ಶಾಖೆಯ ಮನೆಗಳೆಲ್ಲ ಪದವಿ ಕಳೆದುಕೊಂಡು ಸಾದಾ ಮಂದಿಯಾದವಲ್ಲ, ಆ ಸಾದಾ ಮಂದಿ ಎಲ್ಲಿ ಹೋದರು ಎಂದು ನನ್ನನ್ನೇ ಕೇಳಿದರು. ಕೆನ್‌ನ ಮನೆಯವರು ಯುದ್ಧಕ್ಕೂ ಬಹಳ ಮೊದಲೇ ಇಲ್ಲಿಗೆ ಬಂದವರು ಎಂದು ನೆನಪಿಸಿದೆ. ಹಾಗಾದರೆ ಯಾರೋ ಒಬ್ಬ ಮೊದಲೇ ಅಣ್ಣತಮ್ಮಂದಿರ ಕೂಡ ಜಗಳಾಡಿ ಹಡಗು ಹತ್ತಿರಬೇಕು, ಎಲ್ಲಾ ಮನೆಯಲ್ಲೂ ಅಂಥವನೊಬ್ಬ ಇರುತ್ತಾನೆ ಎಂದರು. "ಎಲ್ಲೋ ಸೋರತದ" ಎಂದೆ. ಕೇಳಿಸದವರ ಹಾಗೆ ಕಿಟಕಿ ಕಡೆ ನೋಡಿದರು.

ಕಾಕುಗೆ ಮಾತ್ರ ಹೇಳಿದರು. ಕಾಕು ಒಬ್ಬರಿಗೆ ಮಾತ್ರ ಹೇಳಿದರು. ಸಂಕ್ರಾಂತಿಯ ಹೊತ್ತಿಗೆ ಇಡೀ ಟೊರಾಂಟೊದ ಕನ್ನಡಿಗರಿಗೆ ಸ್ಮಿತಾ ಜಪಾನಿನ ಯುವರಾಣಿಯಾಗುವ ಸುದ್ದಿ ತಲುಪಿತ್ತು. ಬೀಗಿತ್ತಿಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಬೇಕೋ ಮಂಡಿಯೂರಬೇಕೋ ಎಂದು ನನಗೇ ನಾಲ್ಕು ಫೋನು ಬಂದವು. ದಿವಾನರ ಗುಮಾಸ್ತರ ಮರಿಮಗ ಡಾಕ್ಟರು, ಮುನಿಸು ಮರೆತು, ಆಮಂತ್ರಣ ಬಂದಿಲ್ಲವಲ್ಲ ಎಂದು ವಿಚಾರಿಸಿದರು. ವಾನ್‌ನ ಕಾರ್ಖಾನೆಯಲ್ಲಿ ನನ್ನ ಪರಿಚಯದ ಕನ್ನಡದವರೊಬ್ಬರು ಕೆನ್‌ಗೆ ಹಿಸ್ ಹೈನೆಸ್ ಎಂದು ಕರೆದು ಕಾಫಿ ಕೊಟ್ಟರಂತೆ.

ಆ ಸಂಜೆಯೇ ಸ್ಮಿತಾ ನೆಟ್ಟಗೆ ಅಜ್ಜನ ಮುಂದೆ ಬಂದು ನಿಂತಳು. ನಾನು ಅಡುಗೆಮನೆಯಲ್ಲಿ ಕಾಕುವಿನ ಜೊತೆ ಇದ್ದೆ. ಅವಳಿಗೆ ಸಿಟ್ಟು ಬಂದರೆ ಪೂರ್ತಿ ಇಂಗ್ಲಿಷು. ಸಾಮಾನ್ಯರ ಮನೆಯ ಹುಡುಗನಾದರೆ ನಿಮಗೆ ಆಗುವುದಿಲ್ಲವೇ ಎಂದು ಕೇಳಿದಳು. ಬಾಚಾನ್‌ಗೂ ಸುದ್ದಿ ಹೋಗಿದೆ, ಅವರು ನಗಲಿಲ್ಲ, ಹಾಗಾದರೆ ನನ್ನ ಗಂಡ ಯಾರೂ ಅಲ್ಲವೇ ಎಂದರು ಎಂದಳು. ಕೊನೆಗೆ, ಅಜ್ಜನಿಗೆ ಅರ್ಥವಾಗಲೇಬೇಕು ಎಂದೋ ಏನೋ, ಕನ್ನಡಕ್ಕೆ ಬಂದಳು.

"ಅಜ್ಜಾ, ನೀನು ಹೋಗಿ ಸಾರಿ ಕೇಳು. ಇಲ್ಲಾಂದ್ರ ನಾವು ಸಿಟಿ ಹಾಲಲ್ಲಿ ಸೈನ್ ಮಾಡ್ತೀವಿ. ಮಂಟಪ ಬೇಡ, ನೀನೂ ಬರಬೇಡ."

ಆ ಹುಡುಗಿಯ ಮದುವೆಯಲ್ಲಿ ಮೂರು ತಲೆಮಾರು ಹೇಳುವ ದಿನಕ್ಕಾಗಿ ಅವರು ಅವಳು ಹುಟ್ಟಿದಾಗಿನಿಂದ ಕಾದಿದ್ದರು. ಪೈಪು ಎಲ್ಲಿ ಒಡೆದಿದೆ ಎಂದು ಊರಿಗೆಲ್ಲ ತೋರಿಸುತ್ತಿದ್ದವರು ಅವತ್ತು ತಾವೇ ಒಡೆದು ಕೂತಿದ್ದರು. ಅವರ ಮೇಲೆ ನನಗೆ ಸಿಟ್ಟೂ ಬಂತು, ಅಯ್ಯೋ ಅನ್ನಿಸಿತೂ ಹೌದು. ಕಾಕು ಮಾತ್ರ, ಮೊದಲು ಊಟ ಮಾಡ್ರಿ, ಆಮೇಲೆ ಸಾರಿ ಎಂದು ತಟ್ಟೆ ಇಟ್ಟರು.

ಶನಿವಾರ ಮತ್ತೆ ಮಿಸಿಸಾಗಕ್ಕೆ ಹೋದೆವು. ದಾರಿಯುದ್ದಕ್ಕೂ ಒಂದು ಪೈಪಿನ ಸುದ್ದಿಯೂ ಇಲ್ಲ. ಬಾಚಾನ್ ಬಾಗಿಲು ತೆಗೆದು ಟೀ ಮಾಡಿದರು, ಆದರೆ ನಗು ಇರಲಿಲ್ಲ. ಅವರು ಮೊದಲು ಮಾಡಿದ್ದು ಆ ಕಪ್ಪು ಪೆಟ್ಟಿಗೆಯನ್ನು ತಂದು ನಮ್ಮವರ ಮುಂದೆ ತಲೆಕೆಳಗಾಗಿ ಇಟ್ಟಿದ್ದು. ಅಡಿಯಲ್ಲಿ ಒಂದು ಹಳೆಯ ಚೀಟಿ ಅಂಟಿತ್ತು. ಸೀನಿಯರ್ಸ್ ಬೌಲಿಂಗಿನಲ್ಲಿ ಎರಡನೆಯ ಬಹುಮಾನ. ಮೊದಲನೆಯ ಬಹುಮಾನ ಇಸ್ತ್ರಿ ಪೆಟ್ಟಿಗೆಯಿತ್ತು, ಅದೇ ಸಿಕ್ಕಿದ್ದರೆ ಚೆನ್ನಾಗಿತ್ತು ಎಂದರು ಬಾಚಾನ್.

ನಮ್ಮವರು ಎದ್ದು ನಿಂತು, ಕ್ಯಾಪು ಕೈಯಲ್ಲಿ ಹಿಡಿದು, ತಪ್ಪಾಯಿತು ಎಂದರು. ಎರಡೇ ಶಬ್ದದ ಇಂಗ್ಲಿಷು. ಆಮೇಲೆ ಕೂತು, ಮೊದಲ ದಿನವೇ ಕೇಳಬೇಕಾಗಿದ್ದದ್ದನ್ನು ಕೇಳಿದರು. ನಿಮ್ಮ ಯಜಮಾನರ ತಂದೆಯ ಹೆಸರೇನು?

ಬಾಚಾನ್ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದರು. ಯಾವ ತಂದೆಯದು ಹೇಳಲಿ ಎಂದು ಕೇಳಿದರು.

ಆಮೇಲೆ ಹೇಳಿದ್ದು ಇಷ್ಟು. ಬಾಚಾನ್‌ರ ತಂದೆ ಕಿಚಿರೊ. ಫ್ರೇಸರ್ ನದಿ ಸಮುದ್ರ ಸೇರುವಲ್ಲಿ ದೋಣಿ ಕಟ್ಟುತ್ತಿದ್ದವರು. ಅವರಿಗೆ ಬರೀ ಹೆಣ್ಣುಮಕ್ಕಳು. ಯುದ್ಧದಲ್ಲಿ ಜಪಾನ್ ಶತ್ರುವಾದಾಗ ಇಲ್ಲಿನ ಸರ್ಕಾರ ಜಪಾನಿ ಮೂಲದವರ ದೋಣಿಗಳನ್ನೆಲ್ಲ ಕಸಿದುಕೊಂಡು ಅವರನ್ನು ಬೆಟ್ಟದ ಶಿಬಿರಗಳಿಗೆ ಅಟ್ಟಿತು. ಯುದ್ಧ ಮುಗಿದಮೇಲೂ ಕರಾವಳಿಗೆ ಮರಳಲು ಬಿಡಲಿಲ್ಲ, ಟೊರಾಂಟೊಗೆ ಬಂದರು. ದೋಣಿ ಹೋಯಿತು, ಹೆಸರಾದರೂ ಉಳಿಯಲಿ ಎಂಬುದು ಮುದುಕನ ಒಂದೇ ಆಸೆ. ಬಾಚಾನ್‌ರನ್ನು ಮೆಚ್ಚಿದ ಜಾರ್ಜ್, ಅಣ್ಣತಮ್ಮಂದಿರ ದೊಡ್ಡ ಹಿಂಡಿನಲ್ಲಿ ಐದನೆಯವನು. ಅವನು ಆ ಮುದುಕನ ಮುಂದೆ ಮಂಡಿಯೂರಿ, ನಾನು ನಿಮ್ಮ ಮಗನಾಗುತ್ತೇನೆ ಎಂದ. ಅಳಿಯನನ್ನೇ ಮಗನಾಗಿ ದತ್ತು ತೆಗೆದುಕೊಳ್ಳುವುದು ಅವರಲ್ಲಿ ಹಳೆಯ ಪದ್ಧತಿ. ತನ್ನ ಮನೆತನದ ಹೆಸರು ಬಿಟ್ಟು ಹೆಂಡತಿಯ ಮನೆಯ ಹೆಸರು ಹಾಕಿಕೊಂಡ. ದೋಣಿ ಕಟ್ಟುವ ಕೈಕೆಲಸವನ್ನು ಮಾವನಿಂದ ಕಲಿತು, ಇಲ್ಲಿ ದೋಣಿಗೆ ಗಿರಾಕಿ ಇಲ್ಲದ್ದರಿಂದ ಜನರ ಅಡುಗೆಮನೆಗೆ ಕಪಾಟು ಮಾಡಿಕೊಟ್ಟ.

ಅವನ ಸಮಾಧಿಗೆ ಹೋದಾಗ ಜನ ಅವನ ಹಳೆಯ ಹೆಸರು ಕೇಳುತ್ತಾರೆ, ನನಗೆ ಅದು ಸೇರುವುದಿಲ್ಲ ಎಂದರು ಬಾಚಾನ್. ಅವನು ನಮ್ಮವನು ಎಂದರು.

ನಮ್ಮವರು ತಮ್ಮ ಟೀ ಕಪ್ಪನ್ನು ಬದಿಗೆ ಸರಿಸಿದರು. ಬೆರಳ ಗೆಣ್ಣು ಟೇಬಲ್ಲಿನ ಮೇಲೆ ಬಂತು. ಆದರೆ ಬಡಿಯಲಿಲ್ಲ. ಬಾಗಲಕೋಟೆಯ ಕಥೆಯನ್ನು, ಹೆಗಲ ಮೇಲೆ ಕೂರಿಸಿಕೊಂಡು ಊರು ತಿರುಗಿದ ಅಪ್ಪನನ್ನು, ಗಲ್ಲ ಹಿಡಿದು ಕೇಳಿದವರನ್ನು, ಎಲ್ಲವನ್ನೂ ಅವರು ಆ ಅಜ್ಜಿಗೆ ಹೇಳಿದರು. ಕೊನೆಗೆ ನನ್ನ ಕಡೆ ತಿರುಗಿದರು.

"ನೋಡವಾ, ನಾ ಅರಮನಿ ತನಕಾ ಹೋಗಿ ಹುಡುಕಿದೆ. ಬೀಗ್ರು ನನ್ಹಂಗ ದತ್ತಕದಾವ್ರು."

ಬಾಚಾನ್‌ಗೆ ಕನ್ನಡ ತಿಳಿಯಲಿಲ್ಲ. ತಾವೇ ಕೈ ಚಾಚಿ ಟೇಬಲ್ಲನ್ನು ಎರಡು ಸಲ ಬಡಿದರು. ಸ್ಮಿತಾ ಅಜ್ಜನ ಈ ಅಭ್ಯಾಸವನ್ನು ಮೊದಲೇ ನಕಲು ಮಾಡಿ ತೋರಿಸಿದ್ದಳಂತೆ. ಕೆಂಪು ಸ್ವೆಟರಿನ ಆ ದೊಡ್ಡ ನಗು ಮರಳಿ ಬಂತು, ಕರದಂಟು ಇನ್ನೂ ಇದೆಯೇ ಎಂದು ಕೇಳಿದರು. ಅವತ್ತು ಹೊರಡುವಾಗ ನಮ್ಮವರು ಅವರಿಗೆ ಕನ್ನಡದಲ್ಲಿ ಒಂದೆರಡು ಮಾತು ಕಲಿಸಿದರು. ನಾನು ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತಿದ್ದೆ, ಏನೆಂದು ಗಮನಿಸಲಿಲ್ಲ.

2013ರ ಬೇಸಿಗೆಯಲ್ಲಿ ಮಿಸಿಸಾಗದ ಒಂದು ಬ್ಯಾಂಕ್ವೆಟ್ ಹಾಲಿನಲ್ಲಿ ಮದುವೆ. ಯುವರಾಜನನ್ನು ನೋಡಲು ಬಂದಿದ್ದವರಿಂದ ಕುರ್ಚಿ ಸಾಲಲಿಲ್ಲ. ಪುರೋಹಿತರಿಗೂ ನಮ್ಮವರಿಗೂ ಮುಂಚಿನ ದಿನವೇ ವಾದ ನಡೆದಿತ್ತು. ಗೋತ್ರ ಎಂದರೆ ಮೂಲದಲ್ಲಿ ಏನು, ದನ ಕಟ್ಟುವ ಜಾಗ ತಾನೇ, ಅವರಿಗೆ ದನವಿರಲಿಲ್ಲ, ದೋಣಿಯಿತ್ತು, ಆ ದೋಣಿ ಕಟ್ಟಿದ ಹೊಳೆಯ ಹೆಸರು ಹೇಳ್ರಿ ಎಂದು ಇವರ ಪಟ್ಟು. ಶಾಸ್ತ್ರದಲ್ಲಿ ಇಲ್ಲ ಎಂದರು ಪುರೋಹಿತರು. ಡಿಫಾಲ್ಟ್ ಪಾಸ್‌ವರ್ಡ್ ಶಾಸ್ತ್ರದಲ್ಲಿ ಅದ ಏನ್ರಿ ಎಂದರು ಇವರು. ತರುಣ ಪುರೋಹಿತರು ನಕ್ಕು ಕೈಬಿಟ್ಟರು.

ಆ ಘಳಿಗೆ ಬಂದಾಗ ಪುರೋಹಿತರು ಮೈಕನ್ನು ಅವರ ಕೈಗೇ ಕೊಟ್ಟರು. ಜರಿಯಂಚಿನ ಪಂಚೆ ಉಟ್ಟಿದ್ದರು, ತಲೆಯ ಮೇಲೆ ಮಂಕಿ ಕ್ಯಾಪು ಇರಲಿಲ್ಲ. ಫ್ರೇಸರ್ ಗೋತ್ರದಲ್ಲಿ ಹುಟ್ಟಿದ, ದೋಣಿ ಕಟ್ಟುವ ಕಿಚಿರೊ ಅವರ ಮರಿಮಗ, ಆ ಕಿಚಿರೊ ಅವರ ದತ್ತಕ ಪುತ್ರ ಜಾರ್ಜ್ ಅವರ ಮೊಮ್ಮಗ, ರೋಜರ್ ಅವರ ಮಗ ಕೆನ್ ಎಂಬ ವರನಿಗೆ ಎಂದು ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳಿದರು. ಅದನ್ನೇ ಪುರೋಹಿತರು ಸಂಸ್ಕೃತಕ್ಕೆ ತಿರುಗಿಸಿ ಸ್ವರ ಹಾಕಿ ಹೇಳಿದಾಗ ಜಾರ್ಜ್ ಎಂಬ ಹೆಸರೂ ಮಂತ್ರವೇ ಆಗಿ ಕೇಳಿಸಿತು. ಯುವರಾಜನ ನಿರೀಕ್ಷೆಯಲ್ಲಿದ್ದ ಹಿಂದಿನ ಸಾಲುಗಳಲ್ಲಿ ಪಿಸುಪಿಸು ಎದ್ದಿತು. ಮುಂದಿನ ಸಾಲಿನಲ್ಲಿ ಬಾಚಾನ್ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು.

ಹುಡುಗಿಯ ಸರದಿ ಬಂತು. ಅವಳ ಮುತ್ತಜ್ಜನ ಹೆಸರು ಹೇಳಿದರು. ತಮ್ಮ ಹೆಸರಿಗೆ ಬಂದು ಮೈಕನ್ನು ಇನ್ನೊಂದು ಕೈಗೆ ತೆಗೆದುಕೊಂಡರು. ನಾಲ್ಕು ದಶಕಕ್ಕೂ ಹೆಚ್ಚು ಈ ಊರಿನಲ್ಲಿ ಬಾಳಿ, ನಾಲ್ಕು ಜನರೆದುರು ಎಂದೂ ಆಡದ ಮಾತು. ಹಾಲಿನ ತುಂಬ ಅವರು ಅಜ್ಜನ ಹೆಸರು ಕೇಳಿದ್ದ ಜನ.

"ಅವರ ದತ್ತಕ ಪುತ್ರನಾದ ನನ್ನ ಮೊಮ್ಮಗಳು" ಎಂದರು, ಸ್ಪಷ್ಟವಾಗಿ.

ಸ್ಮಿತಾ ತಲೆಯೆತ್ತಿ ಅಜ್ಜನನ್ನು ನೋಡಿದಳು. ಬಾಸಿಂಗ ವಾಲಿತ್ತು. ಅವಳಿಗೆ ಅದು ಅದೇ ಮೊದಲು ತಿಳಿದದ್ದು. ಎದ್ದು ಹೋಗಿ ಅವರನ್ನು ಅಪ್ಪಿಕೊಂಡಳು, ಪುರೋಹಿತರು ಮುಹೂರ್ತ ಮುಹೂರ್ತ ಎನ್ನುತ್ತಲೇ ಇದ್ದರು. ಊಟಕ್ಕೆ ಕೂತಾಗ ದಿವಾನರ ಗುಮಾಸ್ತರ ಮರಿಮಗ ಡಾಕ್ಟರು ಬಂದು ನಮ್ಮವರ ಪಕ್ಕದಲ್ಲೇ ಕುರ್ಚಿ ಎಳೆದು, ನಮ್ಮಲ್ಲೂ ಅಜ್ಜಿಯ ಕಡೆ ಒಂದು ದತ್ತಕ ಇದೆ ಎಂದು ಶುರುಮಾಡಿದರು. ಸಾರು ಬರುವುದರೊಳಗೆ ಇನ್ನೂ ಮೂವರು ಬಂದು ಸುತ್ತ ನಿಂತಿದ್ದರು.

ಅವರು ಈ ವರ್ಷ, 2015ರ ಫೆಬ್ರವರಿಯಲ್ಲಿ, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಊರಿನಲ್ಲಿ ಆ ವಾರ ಚಳಿಗೆ ಪೈಪುಗಳು ಒಡೆದು ಬೀದಿ ಬೀದಿ ಅಗೆಯುತ್ತಿದ್ದರು. ಇವರಿದ್ದಿದ್ದರೆ ಕಿಟಕಿಯಲ್ಲಿ ನಿಂತು, ಅಲ್ಲಲ್ಲ, ಇನ್ನೂ ನಾಕು ಫೂಟು ಆಚೆ ಎಂದು ಕೂಗುತ್ತಿದ್ದರು. ಅವರನ್ನು ನೆನೆದರೆ ನನಗೆ ಮೊದಲು ನಗುವೇ ಬರುತ್ತದೆ, ಅಳು ಅದರ ಹಿಂದೆ ನಿಧಾನವಾಗಿ ಬರುತ್ತದೆ.

ಕಳೆದ ಭಾನುವಾರ ಸ್ಮಿತಾ ಕೆನ್‌ರ ಮಗುವಿನ ನಾಮಕರಣವಿತ್ತು. ಹೊಸದಾಗಿ ಕಾಲೇಜಿಗೆ ಬಂದ ಹೊಸಪೇಟೆಯ ಹುಡುಗಿಯೊಬ್ಬಳು, ಯಾರೋ ಕರೆದರೆಂದು ಬಂದವಳು, ತಟ್ಟೆ ಹಿಡಿದು ಗೋಡೆಗೆ ಒರಗಿ ನಿಂತಿದ್ದಳು. ಎಲ್ಲರೂ ಮಗುವಿನ ಸುತ್ತ. ನಾನು ಹೋಗಿ ಮಾತಾಡಿಸಬೇಕು ಎಂದುಕೊಂಡೆ, ಕೈಯಲ್ಲಿ ಪಾಯಸದ ಪಾತ್ರೆಯಿತ್ತು. ಅಷ್ಟರಲ್ಲಿ ಬಾಚಾನ್ ಕೋಲು ಊರಿಕೊಂಡು ಆ ಹುಡುಗಿಯ ಹತ್ತಿರ ಹೋಗಿ ನಿಂತರು.

"ನಿಮ್ಮ ಅಜ್ಜಾರ ಹೆಸರೇನವಾ?" ಎಂದರು.

ಹುಡುಗಿ ತಬ್ಬಿಬ್ಬಾದಳು. ಆಮೇಲೆ ಮೆಲ್ಲಗೆ ಒಂದು ಹೆಸರು ಹೇಳಿದಳು. ಬಾಚಾನ್‌ಗೆ ಆ ಹೆಸರು ಎಲ್ಲಿಗೆ ಸೇರುತ್ತದೆ ಎಂದು ಗೊತ್ತಿರಲಿಕ್ಕೆ ಸಾಧ್ಯವೇ ಇಲ್ಲ. ಕಣ್ಣು ಮುಚ್ಚಿ ಕೇಳಿ, ಗೆಣ್ಣಿನಿಂದ ಪಕ್ಕದ ಟೇಬಲ್ಲನ್ನು ಎರಡು ಸಲ ಬಡಿದರು.

"ಹಂಗಾರ ನೀ ನಮ್ಮಾಕಿ."